ಎಣ್ಣೆ ಹಾಕಿದ ಮೇಲೇ ಹೊಲಿಗೆ ಮಿಷಿನ್ ಬಿಗಿಯಾಗಿದೆ, ಯಾರಾದ್ರೂ ಹೇಳಿ

ಕಲಬುರಗಿ ಕೌದಿ
ತಲೆ ಕೆಟ್ಟು ಹೋಗಿದೆ. ಮೂರು ವರ್ಷದ ಮಿಷಿನ್, ಮೋಟರ್‌ದು, ಜಿಗ್‌ಜಾಗ್ ಬರುವಂಥದ್ದು. ದೀಪಾವಳಿ ಮುಂದೆ ಟಕಟಕ ಸದ್ದು ಶುರುವಾಯಿತು. ಎಣ್ಣೆ ಹಾಕಿದೆ, ಚೆನ್ನಾಗಿ ಓಡಿತು. ಈಗ ಹದಿನೈದು ದಿನದಿಂದ ಪೆಡಲ್ ಒತ್ತಿದರೆ ಹೂಂ ಅಂತ ಮುಲುಗುತ್ತದೆ, ತಿರುಗುವುದಿಲ್ಲ. ಕೈಚಕ್ರ ತಿರುಗಿಸಿದರೆ ಬೀಸುಕಲ್ಲು ತಿರುಗಿಸಿದ ಹಾಗೆ. ಮತ್ತೆ ಎಣ್ಣೆ ಹಾಕಿದೆ, ಇನ್ನೂ ಕೆಟ್ಟಿತು. ಮುಂದಿನ ವಾರ ತಂಗಿಯ ಕುಬಸ. ಐದು ಬ್ಲೌಸ್ ಬಾಕಿ ಇವೆ.

ಬೀದರ್ ಬಾಬಿನ್
ಅಕ್ಕಾರೆ, ಬಾಬಿನ್ ಕಡೆ ದಾರ ಸಿಕ್ಕಿದೆ. ನೂರಕ್ಕೆ ನೂರು. ಪ್ಲಗ್ ಕಿತ್ತು, ಪ್ಲೇಟ್ ಬಿಚ್ಚಿ ನೋಡಿ. ಒಂದೆಳೆ ಸುತ್ತಿಕೊಂಡಿದ್ದರೂ ಚಕ್ರ ಹಿಡಿಯುತ್ತದೆ.

ಕಲಬುರಗಿ ಕೌದಿ
ನೋಡಿದೆ. ಧೂಳಿನ ಮುದ್ದೆ ಬಂತು, ಅಂಟಂಟು. ದಾರ ಇಲ್ಲ.

ಬೀದರ್ ಬಾಬಿನ್
ಇನ್ನೊಮ್ಮೆ ನೋಡಿ, ಕೆಳಗೆ ಇರುತ್ತದೆ. ಸೂಜಿ ಯಾವ ನಂಬರ್? ಕೌದಿ ಹೊಲಿಯುತ್ತೀರಿ ಅಂದರೆ 16 ಬೇಕು. 11 ಹಾಕಿದ್ದರೆ ಸೂಜಿ ಬಾಗಿ ಪ್ಲೇಟ್‌ಗೆ ಬಡಿಯುತ್ತದೆ.

ಶಹಾಪುರ ಸೂಜಿ
ಬೀದರಣ್ಣ, ಅವರು ದಾರ ಇಲ್ಲ ಅಂದರಲ್ಲ. ಕೌದಿ ಅನ್ನೋದು ಅವರ ಹೆಸರು, ಹೊಲಿಯುತ್ತಿರೋದು ಬ್ಲೌಸ್. ಚಕ್ರ ಬಿಗಿಯಾಗಿರೋದಕ್ಕೂ ಸೂಜಿ ನಂಬರಿಗೂ ಏನು ಸಂಬಂಧ?
ಅಕ್ಕಾ, ಒಂದು ಕೆಲಸ ಮಾಡಿ. ಬಾಬಿನ್ ತುಂಬುವ ಕಡ್ಡಿ ಬಲಕ್ಕೆ ತಳ್ಳಿ, ಪೆಡಲ್ ಒತ್ತಿ. ಆಗ ಸೂಜಿ ನಿಂತಿರುತ್ತದೆ, ಮೋಟರ್ ಮಾತ್ರ ತಿರುಗುತ್ತದೆ. ಜೋರಾಗಿ ತಿರುಗಿದರೆ ಮೋಟರ್, ಬೆಲ್ಟ್ ಎರಡೂ ಸರಿ ಇವೆ. ಬಿಗಿ ಇರೋದು ಮಿಷಿನ್ ತಲೆಯೊಳಗೆ, ಅಂದರೆ ಸೂಜಿ ಓಡಿಸುವ ಭಾಗದಲ್ಲಿ.

ಸೇಡಂ ಅಜ್ಜನ ಮಿಷಿನ್
ಈಗಿನ ಪ್ಲಾಸ್ಟಿಕ್ ಡಬ್ಬಿಗಳ ಹಣೆಬರಹವೇ ಇಷ್ಟು. ನಮ್ಮಜ್ಜನ ಕಾಲು ಮಿಷಿನ್ ಇನ್ನೂ ಓಡುತ್ತದೆ. ಗಾಣದ ಕುಸುಬಿ ಎಣ್ಣೆ ಹಾಕುತ್ತಿದ್ದರು, ಏನೂ ಆಗಿಲ್ಲ. ಸಾಗವಾನಿ ಟೇಬಲ್, ನಾನೇ ಪಾಲಿಶ್ ಹೊಡೆಸಿದ್ದು. ಫೋಟೊ ಬೇಕಾದರೆ ಹಾಕುತ್ತೇನೆ.

ಶಹಾಪುರ ಸೂಜಿ
ಕುಸುಬಿ ಎಣ್ಣೆ ಒಗ್ಗರಣೆಗೆ ಇರಲಿ. ಅದು ಗಾಳಿಗೆ ಒಣಗಿ ಪದರ ಕಟ್ಟುವ ಜಾತಿ, ಪೇಂಟ್‌ಗೂ ಬಳಸುತ್ತಾರೆ. ಕಾಲು ಮಿಷಿನ್ ಕಾಲ ಬಲದಿಂದ ಓಡಿರಬೇಕು, ಎಣ್ಣೆಯಿಂದಲ್ಲ.

ಸೇಡಂ ಅಜ್ಜನ ಮಿಷಿನ್
ಅಜ್ಜನ ಸುದ್ದಿಗೆ ಬರಬೇಡಿ.

ಕಲಬುರಗಿ ಕೌದಿ
ಬಾಬಿನ್ ಜೋರಾಗಿ ಸುತ್ತುತ್ತದೆ! ಇನ್ನೊಂದು ವಿಚಿತ್ರ ಹೇಳುವುದು ಬಿಟ್ಟಿದ್ದೆ. ಬೆಳಿಗ್ಗೆ ಕಲ್ಲಿನ ಹಾಗಿರುತ್ತದೆ. ಮಧ್ಯಾಹ್ನ ಕಿಟಕಿ ಬಿಸಿಲು ಬಿದ್ದ ಮೇಲೆ ಸ್ವಲ್ಪ ಸಲೀಸು.

ಶಹಾಪುರ ಸೂಜಿ
ಅಕ್ಕಾ, ಯಾವ ಎಣ್ಣೆ ಹಾಕಿದ್ದೀರಿ?

ಕಲಬುರಗಿ ಕೌದಿ
ಎಣ್ಣೆ ಅಂದರೆ ಎಣ್ಣೆ. ತಲೆಗೆ ಹಚ್ಚುವ ಕೊಬ್ರಿ ಎಣ್ಣೆ. ಎಲ್ಲರೂ ಅದನ್ನೇ ಹಾಕೋದು ಅಲ್ವಾ?

ಶಹಾಪುರ ಸೂಜಿ
ಅಯ್ಯೋ ಅಕ್ಕಾ! ಇದನ್ನು ಮೊದಲೇ ಕೇಳಬೇಕಿತ್ತು, ನನ್ನದೂ ತಪ್ಪು.
ಕೊಬ್ರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಈ ಚಳಿಯಲ್ಲಿ ನಿಮ್ಮ ತಲೆ ಎಣ್ಣೆ ಬಾಟಲಿ ಬೆಳಿಗ್ಗೆ ನೋಡಿ, ತುಪ್ಪದ ಹಾಗೆ ಕೂತಿರುತ್ತದೆ. ಮಿಷಿನ್ ಒಳಗೂ ಅದೇ ಆಗಿದೆ. ದೀಪಾವಳಿ ಮುಂದೆ ನೀರಾಗಿತ್ತು, ಅದಕ್ಕೇ ಓಡಿತು. ಧೂಳು ಸೇರಿ ಗೋಂದಾಗಿದೆ. ಮೇಲೆ ಇನ್ನಷ್ಟು ಸುರಿದಿದ್ದೀರಿ.
ಹೀಗೆ ಮಾಡಿ. ಪ್ಲಗ್ ಕೀಳಿ. ಸೂಜಿ ಕಡೆಯ ಮುಚ್ಚಳ, ಮೇಲಿನ ಮುಚ್ಚಳ ಬಿಚ್ಚಿ. ಕೂದಲು ಒಣಗಿಸುವ ಡ್ರೈಯರ್ ಕಡಿಮೆ ಬಿಸಿಗಿಟ್ಟು, ದೂರದಿಂದ ಹಿಡಿಯಿರಿ. ಪ್ಲಾಸ್ಟಿಕ್ ಗಿಯರ್ ಬಾಗಬಾರದು. ಕರಗಿದ್ದನ್ನು ಹಳೆ ಪಂಚೆ ತುಂಡಿನಿಂದ ಒರೆಸಿ. ಆಮೇಲೆ ಬಿಳಿ ಮಿಷಿನ್ ಎಣ್ಣೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆ ಮಾತ್ರ, ಒಂದೊಂದೇ ಹನಿ. ಬೆಲ್ಟ್‌ಗೆ, ಮೋಟರ್‌ಗೆ ಬೇಡ. ಚಕ್ರ ನಿಮ್ಮ ಕಡೆಗೇ ತಿರುಗಿಸಿ. ಮತ್ತೆ ಒರೆಸಿ, ಮತ್ತೆ ಹನಿ. ಒಂದೇ ದಿನಕ್ಕೆ ಮುಗಿಯೋದಿಲ್ಲ. ಮೊದಲು ಚಿಂದಿ ಬಟ್ಟೆ ಹೊಲಿಯಿರಿ. ಕುಬಸದ ಬ್ಲೌಸ್‌ಗೆ ಕಲೆ ಆದೀತು.
ಬಾಬಿನ್ ಮೇಲಿಂದ ಹಾಕುತ್ತೀರಾ? ಬಾಬಿನ್ ಕೂರುವ ಕೇಸ್ ಕರಿ ಪ್ಲಾಸ್ಟಿಕ್ ಆಗಿದ್ದರೆ ಅದಕ್ಕೆ ಎಣ್ಣೆಯೇ ಬೇಡ, ಬ್ರಷ್ ಸಾಕು. ಬಾಯಿಂದ ಊದಬೇಡಿ, ಧೂಳು ಒಳಗೇ ಹೋಗುತ್ತದೆ. ಹೊಸ ಮಿಷಿನ್‌ಗಳಲ್ಲಿ ಎಷ್ಟೋ ಬುಷ್‌ಗಳು, ಅಂದರೆ ಕಡ್ಡಿ ತಿರುಗುವ ಲೋಹದ ಬಳೆಗಳು, ಎಣ್ಣೆ ಹೀರಿಕೊಂಡೇ ಬರುತ್ತವೆ. ಜೊತೆಗೆ ಬಂದ ಪುಸ್ತಕದಲ್ಲಿ ತೋರಿಸಿದ ಕಡೆ ಮಾತ್ರ ಹಾಕಬೇಕು.

ಬೀದರ್ ಬಾಬಿನ್
ಇಷ್ಟೆಲ್ಲ ಯಾಕೆ? ಚಿಮಣಿ ಎಣ್ಣೆ ಹಾಕಿ ಓಡಿಸಿದರೆ ಹತ್ತು ನಿಮಿಷದಲ್ಲಿ ಸಾಫ್.

ಶಹಾಪುರ ಸೂಜಿ
ಕಾಲು ಮಿಷಿನ್‌ಗೆ ಸರಿ. ಇದರೊಳಗೆ ಮೋಟರ್ ಇದೆ, ಅದರೊಳಗಿನ ಕಾರ್ಬನ್ ಬ್ರಷ್‌ನಿಂದ ಕಿಡಿ ಹಾರುತ್ತದೆ. ಅದರ ಪಕ್ಕದಲ್ಲಿ ಚಿಮಣಿ ಎಣ್ಣೆನಾ?

ಬೀದರ್ ಬಾಬಿನ್
ನಾನು ಇಪ್ಪತ್ತು ವರ್ಷದಿಂದ ಹಾಕುತ್ತಿದ್ದೇನೆ.

ಶಹಾಪುರ ಸೂಜಿ
ಯಾವ ಮಿಷಿನ್‌ಗೆ?

ಬೀದರ್ ಬಾಬಿನ್
ಕಾಲು ಮಿಷಿನ್‌ಗೆ. ಅದು ಬೇರೆ ಮಾತು.

ಕಲಬುರಗಿ ಕೌದಿ
ಮೂರು ದಿನ ಒರೆಸಿದೆ. ಸೂಪರ್ ಮಾರ್ಕೆಟ್‌ಗೆ ಹೋಗಿ ಮಿಷಿನ್ ಎಣ್ಣೆ ತಂದೆ. ಕಂದು ಜಿಗಟು ಬಂದೇ ಬಂತು, ನಾಲ್ಕು ಬಟ್ಟೆ ಹಾಳು. ಇವತ್ತು ಬೆಳಿಗ್ಗೆ ಆರಕ್ಕೇ ಸೀದಾ ಹೊಲಿಗೆ ಓಡಿತು, ಅಳು ಬಂತು ನನಗೆ. ಆದರೆ ಜಿಗ್‌ಜಾಗ್ ಬರುತ್ತಿಲ್ಲ. ಗುಂಡಿ ತಿರುಗಿಸಿದರೂ ಸೂಜಿ ಎಡಬಲ ಹೋಗದೆ ನಡುವೆಯೇ ನಿಲ್ಲುತ್ತದೆ.

ಶಹಾಪುರ ಸೂಜಿ
ಸೂಜಿ ಅಲುಗಾಡಿಸುವ ಕಡ್ಡಿಯ ಕೀಲಿನಲ್ಲಿ ಇನ್ನೂ ಗೋಂದಿರಬೇಕು. ಜೋರು ಮಾಡಿ ಗುಂಡಿ ತಿರುಗಿಸಬೇಡಿ, ಸೂಜಿಯನ್ನು ಎಡಬಲ ತಳ್ಳುವ ಒಳಗಿನ ಪ್ಲಾಸ್ಟಿಕ್ ಬಿಲ್ಲೆ (ಕ್ಯಾಮ್) ಮುರಿಯುತ್ತದೆ. ಮೇಲಿನ ಮುಚ್ಚಳ ತೆಗೆದ ಫೋಟೊ ಹಾಕಿ.

ಬೀದರ್ ಬಾಬಿನ್
ಜಿಗ್‌ಜಾಗ್‌ಗೆ ಒಮ್ಮೆ ಸೂಜಿ ಬದಲಿಸಿ ನೋಡಿ.

ಕಲಬುರಗಿ ಕೌದಿ
ಫೋಟೊ ಆಮೇಲೆ ಹಾಕುತ್ತೇನೆ ಅಣ್ಣ. ಬ್ಲೌಸ್‌ಗೆ ಸೀದಾ ಹೊಲಿಗೆ ಸಾಕು, ಒಳಗಿನ ಅಂಚು ಕೈಯಲ್ಲೇ ಹಾಕುತ್ತೇನೆ. ಕುಬಸ ಮುಗಿಯಲಿ.

ಸೇಡಂ ಅಜ್ಜನ ಮಿಷಿನ್
ಫೋಟೊ ಹಾಕಿದ್ದೇನೆ ನೋಡಿ, ಟೇಬಲ್‌ದು. ಇದಕ್ಕೆ ಹಳೆ ತರಹದ ಚರ್ಮದ ಬೆಲ್ಟ್ ಯಾದಗಿರಿ ಕಡೆ ಎಲ್ಲಾದರೂ ಸಿಗುತ್ತದಾ?