ಬೆಳ್ಳಿ ನೀರು, ಕರೆಂಟು: ಮೇಷ್ಟ್ರನ್ನು ಕೇಳಿ

ನಿಟುವಳ್ಳಿ ಸದಸ್ಯ: ಸರ್, ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಬೆಳ್ಳಿ ತಂತಿ ಇಳಿಬಿಟ್ಟು, 9 ವೋಲ್ಟಿನ ಮೂರು ಬ್ಯಾಟರಿ ಜೋಡಿಸಿ ಕೊಟ್ಟರೆ ‘ಬೆಳ್ಳಿ ನೀರು’ ಆಗುತ್ತದಂತೆ, ದಿನಾ ಒಂದು ಚಮಚ ಕುಡಿದರೆ ಕಾಯಿಲೆನೇ ಬರಲ್ಲ ಅಂತ ಫಾರ್ವರ್ಡ್ ಬಂದಿದೆ. ಮಾಡಿದೆ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ. ಬ್ಯಾಟರಿ ವೀಕಾ?

ಮೇಷ್ಟ್ರು: ಬ್ಯಾಟರಿ ಸರಿ ಇದೆ. ಶುದ್ಧ ನೀರು ಕರೆಂಟನ್ನು ಸುಲಭಕ್ಕೆ ಬಿಡಲ್ಲ. ಪ್ಲಸ್ ಕಡೆಯ ಬೆಳ್ಳಿ ಅಯಾನಾಗಿ (ಕರೆಂಟ್ ಹೊರುವ ಕಣವಾಗಿ) ಕರಗಿದ ಹಾಗೆಲ್ಲ ಕರೆಂಟ್ ಏರುತ್ತದೆ, ಕರೆಂಟ್ ಏರಿದಷ್ಟೂ ಬೆಳ್ಳಿ ಜಾಸ್ತಿ ಕರಗುತ್ತದೆ. ಅದಕ್ಕೇ ಸೀರೀಸಿನಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್ ಹಾಕುವುದು. 1 ಮಿಲಿಆಂಪ್ ಒಂದು ಗಂಟೆ ಹರಿದರೆ ಫ್ಯಾರಡೆ ನಿಯಮದ ಪ್ರಕಾರ ಸುಮಾರು 4 ಮಿಲಿಗ್ರಾಂ ಬೆಳ್ಳಿ. ಲೆಕ್ಕ ಹೇಳಿದೆ ಅಷ್ಟೇ, ಕುಡಿಯಿರಿ ಅನ್ನಲಿಲ್ಲ.

ಹರಿಹರ: ಬೋರ್ ನೀರು ಆಗುತ್ತಾ ಸರ್?

ಮೇಷ್ಟ್ರು: ಇಲ್ಲ. ಅದರಲ್ಲಿ ಕ್ಲೋರೈಡ್ ಇರುತ್ತದೆ, ಸಿಲ್ವರ್ ಕ್ಲೋರೈಡಾಗಿ ನೀರು ಬೆಳ್ಳಗೆ ಕದಡುತ್ತದೆ.

ಜಗಳೂರು: ನನಗೆ ಬ್ಯಾಟರಿ ಸಿಗಲಿಲ್ಲ. ಗೋಡೆ ಪ್ಲಗ್ಗಿನಿಂದಲೇ ತೆಗೆದುಕೊಂಡು ಒಂದು ಡಯೋಡ್, ಸೀರೀಸಿಗೆ 60 ವ್ಯಾಟ್ ಬಲ್ಬ್ ಹಾಕಿದ್ದೇನೆ. ಬೆಳ್ಳಿಗೆ ಮನೆಯವರ ಹಳೇ ಕಾಲ್ಗೆಜ್ಜೆ. ಬಲ್ಬ್ ಹತ್ತುತ್ತಿಲ್ಲ, ಅಂದರೆ ಸೇಫ್ ಅಲ್ವಾ? ಅಮ್ಮ ಥೈರಾಯ್ಡ್ ಮಾತ್ರೆ ಜೊತೆ ಇದನ್ನೇ ಕುಡಿಯುತ್ತಿದ್ದಾರೆ.

ಮೇಷ್ಟ್ರು: ಯಜಮಾನ್ರೇ, ಮೊದಲು ಪ್ಲಗ್ ಕಿತ್ತು ಬನ್ನಿ, ಆಮೇಲೆ ಓದಿ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ವೋಲ್ಟೇಜ್ ಇಳಿಸಲ್ಲ. ಮನೆಯ ಲೈನು 230 ವೋಲ್ಟ್ ಅಂದರೆ ಅಲೆಯ ತುದಿಯಲ್ಲಿ 325 ವೋಲ್ಟ್. ಆ ಬಲ್ಬ್ ಪೂರ್ತಿ ಹತ್ತಲು ಸುಮಾರು 260 ಮಿಲಿಆಂಪ್ ಬೇಕು. ಎದೆ ಹಾದು ಹೋದರೆ 50ಕ್ಕೂ ಜೀವ ಹೋಗಬಹುದು. ಒದ್ದೆ ಕೈಯಲ್ಲಿ ಗೆಜ್ಜೆ ಮುಟ್ಟಿ ನೀವು ಒದ್ದಾಡುತ್ತಿದ್ದರೂ ಬಲ್ಬ್ ಮಿಣುಕ್ ಅನ್ನಲ್ಲ. ಒಳ್ಳೇ ಮೊಬೈಲ್ ಚಾರ್ಜರಿನೊಳಗೆ ಟ್ರಾನ್ಸ್‌ಫಾರ್ಮರ್ ಮನೆಯ ಲೈನನ್ನು ಬೇರೆ ಮಾಡಿರುತ್ತದೆ, ನಿಮ್ಮಲ್ಲಿ ಕಾಲ್ಗೆಜ್ಜೆಯೇ ಲೈನು! ಗೆಜ್ಜೆ ಬೆಳ್ಳಿಯಲ್ಲಿ ತಾಮ್ರ ಬೆರೆತಿರುತ್ತದೆ, ಬೆಸುಗೆ ಬೇರೆ, ಅದೆಲ್ಲ ಅದೇ ಲೋಟಕ್ಕೆ. ಬೆಳ್ಳಿ ನೀರಿನಿಂದ ಥೈರಾಯ್ಡ್ ಮಾತ್ರೆ ಮೈಗೆ ಹತ್ತದೇ ಹೋಗಬಹುದು. ಅಮ್ಮನಿಗೆ ಕೊಡುವುದನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ಮುಚ್ಚಿಡದೆ ಹೇಳಿ. ತುಂಬಾ ಕಾಲ ಕುಡಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ, ಆರ್ಜೀರಿಯಾ ಅಂತಾರೆ, ಬಂದರೆ ಹೋಗಲ್ಲ.

ಚನ್ನಗಿರಿ: ಸುಮ್ನೆ ಹೆದರಿಸಬೇಡಿ. ನಮ್ಮಜ್ಜಿ ಬೆಳ್ಳಿ ಬಟ್ಟಲಲ್ಲೇ ಹಾಲು ಕುಡಿಸಿದರು, ನಾವೇನು ನೀಲಿ ಆದೆವಾ?

ಹೊನ್ನಾಳಿ: ಬಟ್ಟಲಿಗೆ ನಿಮ್ಮಜ್ಜಿ ವೈರ್ ಕೊಟ್ಟಿದ್ದರಾ?

ಚನ್ನಗಿರಿ: ಅಜ್ಜಿ ಸುದ್ದಿಗೆ ಬರಬೇಡಿ. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲೇ ಬೆಳ್ಳಿ ಮುಲಾಮು ಹಚ್ಚುತ್ತಾರೆ.

ಹೊನ್ನಾಳಿ: ಹಚ್ಚುತ್ತಾರೆ, ಕುಡಿಸಲ್ಲ. ಅಜ್ಜಿ ಸುದ್ದಿ ತೆಗೆದಿದ್ದೂ ನೀವೇ.

ವಿದ್ಯಾನಗರ: ಟಿಡಿಎಸ್ ಮೀಟರಿನಲ್ಲಿ 10 ಪಿಪಿಎಂ ತೋರಿಸುತ್ತಿದೆ, ಸಾಕಾ?

ಮೇಷ್ಟ್ರು: ಅದು ಬೆಳ್ಳಿ ಅಳೆಯಲ್ಲ. ನೀರು ಎಷ್ಟು ಕರೆಂಟ್ ಬಿಡುತ್ತದೆ ಅಂತ ನೋಡಿ ಅಂದಾಜು ಹೇಳುತ್ತದೆ.

ಹರಿಹರ: ಬೋರ್ ನೀರು ಕಾಯಿಸಿ ಆರಿಸಿದರೆ?

ಮೇಷ್ಟ್ರು: ಮೇಲೆ ಓದಿ.

ನಿಟುವಳ್ಳಿ ಸದಸ್ಯ: 10 ಕಿಲೋಓಮ್ ರೆಸಿಸ್ಟರ್ ಹಾಕಲಾ ಸರ್?

ಚನ್ನಗಿರಿ: ಈ ಫಾರ್ವರ್ಡಿನಲ್ಲಿ ನೂರು ಕಾಯಿಲೆ ಪಟ್ಟಿ ಇದೆ, ಅವರೆಲ್ಲ ದಡ್ಡರಾ?

ಮೇಷ್ಟ್ರು: ಇಂಥ ಔಷಧಿಗಳನ್ನು ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ಗ್ರೂಪಿನಿಂದ ತೆಗೆಯುತ್ತೇನೆ. ಜಗಳೂರಿನವರೇ, ಪ್ಲಗ್ ಕಿತ್ತಿರಾ?

ಜಗಳೂರು: ಸ್ವಿಚ್ ಆಫ್ ಮಾಡಿದೆ ಸರ್.

ಮೇಷ್ಟ್ರು: ಸ್ವಿಚ್ ಅಲ್ಲ ರೀ, ಪ್ಲಗ್! ಫೇಸ್ (ಕರೆಂಟ್ ಬರುವ ತಂತಿ) ಬಿಟ್ಟು ನ್ಯೂಟ್ರಲ್‌ಗೆ (ವಾಪಸ್ ಹೋಗುವ ತಂತಿಗೆ) ಸ್ವಿಚ್ ಕೊಟ್ಟಿರುವ ಮನೆಗಳೂ ಇವೆ. ಆಫ್ ಮಾಡಿದರೂ ಗೆಜ್ಜೆಯಲ್ಲಿ ಫೇಸ್ ಇರುತ್ತದೆ.