ಸಹಾಯ ಬೇಕು: ಮುಂಬೈ ಗಿರಣಿ ಕಾಗದಗಳಲ್ಲಿನ ಹಳೆಯ ಕಸುಬಿನ ಹೆಸರುಗಳು

ಪರೇಲ್, ಲಾಲ್‌ಬಾಗ್ ಬಟ್ಟೆ ಗಿರಣಿಗಳಲ್ಲಿ ದುಡಿದ ಕನ್ನಡಿಗರ ಹುದ್ದೆಗಳ ಅರ್ಥ ಸಂಗ್ರಹಿಸುತ್ತಿದ್ದೇವೆ. ಹೆಚ್ಚಿನವರು ಎಡವುವುದು ‘ಬದಲಿ’ ಎಂಬಲ್ಲಿ. ಅದನ್ನು ವರ್ಗಾವಣೆ ಎಂದು ಓದಿಬಿಡುತ್ತಾರೆ. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗಕ್ಕೆ ನಿಂತವನೇ ಬದಲಿ. ಕೆಲಸ ಸಿಗದ ದಿನ ಕೂಲಿಯಿಲ್ಲ. ಹಾಜರಿಯಲ್ಲಿ ಖಾಲಿ ದಿನ ಕಂಡರೆ ಕೆಲಸ ಬಿಟ್ಟರೆಂದು ದಯವಿಟ್ಟು ಬರೆದುಕೊಳ್ಳಬೇಡಿ. ‘ಜಾಬರ್’ ಖಾತೆಯ (ಗಿರಣಿಯ ಒಂದು ವಿಭಾಗದ) ಮೇಸ್ತ್ರಿ, ಆಳುಗಳನ್ನು ಸೇರಿಸುತ್ತಿದ್ದವನೂ ಅವನೇ. ‘ಡಾಫರ್’ ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಹಾಕುವವ.

ಮನೆಯಲ್ಲಿ ಹಾಜರಿ ಟಿಕೆಟ್, ಪಗಾರ ಚೀಟಿ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದರೆ ಎರಡೂ ಬದಿಯ ಫೋಟೊ ಹಾಕಿ. ಖಾತೆಯ ಹೆಸರು ಕಾಣಲೇಬೇಕು, ಅದಿಲ್ಲದೆ ಹುದ್ದೆ ಬಿಡಿಸಲಾಗದು. ಇಎಸ್‌ಐ ಕಾಯ್ದೆ 1948ರದು, ಕಾರ್ಡ್ ಅದಕ್ಕೂ ಹಳೆಯದಿರದು. ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿ ಓದಬಲ್ಲವರು ತುರ್ತಾಗಿ ಬೇಕು.