ಪುಟ್ಟನ ರೇಸಿಂಗ್ ಗೇಮ್ ಬಗ್ಗೆ, ಸ್ವಲ್ಪ ಉದ್ದ ಇದೆ

ಹಲೋ, ಪುಟ್ಟಾ, ಇದು ಮುಖ್ಯವಾಗಿ ನಿನಗೆ. ಆದರೆ ಭಾವ ಕೂಡ ಕೇಳಬೇಕು, ಯಾಕಂದರೆ ಬೆಳಗ್ಗೆ ಗ್ರೂಪಿನಲ್ಲಿ ಪಂಚಾಯಿತಿ ಶುರು ಮಾಡಿದ್ದು ಅವರೇ. ಟೈಪ್ ಮಾಡಲು ಕೂತೆ, ಎರಡು ಸಾಲಿಗೇ ಸಾಕಾಯಿತು, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಬೈಯಬೇಡಿ.

ನೀನು ಬರೆದದ್ದು ಇಷ್ಟು. ಆ ಗಾಳಿಯಲ್ಲಿ ತೇಲುವ ಗಾಡಿಗಳ ರೇಸ್ ಗೇಮು, ಈಸಿಯಲ್ಲಿ ಇಟ್ಟು ಎರಡೇ ದಿನದಲ್ಲಿ ಹನ್ನೆರಡೂ ಟ್ರ್ಯಾಕ್‌ಗಳಲ್ಲಿ ಫಸ್ಟ್ ಬಂದೆ. ಆಮೇಲೆ ಹಾರ್ಡ್‌ಗೆ ಹಾಕಿದರೆ ಮೊದಲನೇ ಟ್ರ್ಯಾಕಲ್ಲೇ ಎಂಟಕ್ಕೆ ಎಂಟನೆಯವನು, ಗಾಡಿ ಬೇರೆ ಎರಡು ಸಲ ಸಿಡಿದುಹೋಯಿತು. ಸುಲಭ ಇಟ್ಟರೆ ಬೋರು, ಕಷ್ಟ ಇಟ್ಟರೆ ಆಗುವುದಿಲ್ಲ, ಚಿಕ್ಕಮ್ಮಾ ಇದನ್ನು ಯಾರಿಗಾದರೂ ಕೊಟ್ಟುಬಿಡಲಾ ಅಂತ ಕೇಳಿದ್ದೀಯ. ಅದಕ್ಕೆ ಭಾವ, ಎರಡು ದಿನಕ್ಕೆ ಮುಗಿಯುವ ಆಟಕ್ಕೆ ಇಷ್ಟು ಗಲಾಟೆ ಯಾಕೆ ಅಂದರು. ಅಕ್ಕನ ದೂರು ಬೇರೆ, ಇವನು ಟಿವಿ ಮುಂದೆ ಕೂತು ಕಿರುಚುತ್ತಾನೆ ಅಂತ. ಕಿರುಚುವುದರ ಬಗ್ಗೆ ನನ್ನ ಹತ್ತಿರ ಔಷಧಿ ಇಲ್ಲ ಅಕ್ಕಾ, ನಾನೂ ಕಿರುಚುತ್ತೇನೆ.

ಪುಟ್ಟಾ, ನೀನು ಆಟ ಮುಗಿಸಿಲ್ಲ. ಹನ್ನೆರಡು ಟ್ರ್ಯಾಕ್ ನೋಡಿಕೊಂಡು ಬಂದಿದ್ದೀಯ, ಅಷ್ಟೇ. ಈ ಜಾತಿಯ ಆಟಗಳಲ್ಲಿ ಈಸಿ ಅನ್ನುವುದು ಊಟಕ್ಕೆ ಮುಂಚೆ ಎಲೆ ಹಾಕಿದ ಹಾಗೆ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ನಿನ್ನ ಗಾಡಿ ಹಾರ್ಡ್‌ನಲ್ಲಿ ಗಂಟೆಗೆ 1,200 ಕಿಲೋಮೀಟರ್ ತೋರಿಸುತ್ತದೆ ಅಂತ ಇಟ್ಟುಕೋ. ಅಂದರೆ ಸೆಕೆಂಡಿಗೆ 333 ಮೀಟರ್. ಕಣ್ಣಿಗೆ ಕಂಡದ್ದು ಕೈಗೆ ಬರಲು ನಮಗೆ ಸುಮಾರು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ 80 ಮೀಟರ್ ದಾಟಿ ಹೋಗಿರುತ್ತದೆ. ಸೆಕೆಂಡಿಗೆ 60 ಚಿತ್ರ ಬರುವ ಗೇಮಾದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆಯೇ ಐದೂವರೆ ಮೀಟರ್! ಹಾಗಾಗಿ ತಿರುವು ಕಂಡ ಮೇಲೆ ತಿರುಗಿಸುತ್ತೇನೆ ಅಂದರೆ ಆಗುವುದೇ ಇಲ್ಲ. ಅದು ಕಾಣುವ ಮೊದಲೇ ಕೈ ತಿರುಗಿರಬೇಕು. ಈಸಿಯಲ್ಲಿ ನೀನು ಕಣ್ಣಲ್ಲಿ ಓಡಿಸಿದೆ, ಹಾರ್ಡ್‌ನಲ್ಲಿ ಹೆಬ್ಬೆರಳಲ್ಲಿ ಓಡಿಸಬೇಕು. ಎಂಟನೆಯವನಾಗಿ ಬಂದದ್ದು ನಿನಗೆ ಬರುವುದಿಲ್ಲ ಅಂತಲ್ಲ, ಹೆಬ್ಬೆರಳಿಗೆ ಇನ್ನೂ ದಾರಿ ಗೊತ್ತಿಲ್ಲ ಅಂತ.

ನನ್ನದೇ ಒಂದು ತಿರುವಿನ ಕಥೆ ಇದೆ. ಇದೇ ಜಾತಿಯ ವೈಪ್‌ಔಟ್ ಎಚ್‌ಡಿ ಅನ್ನುವ ಗೇಮ್ ಆಡುತ್ತಿದ್ದಾಗ ಒಂದು ಟ್ರ್ಯಾಕಲ್ಲಿ ಉದ್ದದ ಇಳಿಜಾರು, ಅದು ಮುಗಿದ ತಕ್ಷಣ ಎಡಕ್ಕೆ ಒಂದು ಮೊಂಡು ತಿರುವು. ಪ್ರತಿ ಸಲ ಬಲಗಡೆ ಗೋಡೆಗೆ ಡಬ್ ಅಂತ. ನಾನು ಇನ್ನೂ ಜೋರಾಗಿ ಎಡಕ್ಕೆ ಎಳೆಯುತ್ತಿದ್ದೆ, ಸ್ಟಿಕ್ಕೇ ಕಿತ್ತು ಬರುವಷ್ಟು. ಒಂದು ವಾರ ಆದ ಮೇಲೆ ಗೊತ್ತಾಯಿತು, ತಪ್ಪು ತಿರುವಿನಲ್ಲಿ ಇರಲೇ ಇಲ್ಲ. ಇಳಿಜಾರಲ್ಲಿ ನಾನು ಮಧ್ಯದಲ್ಲಿ ಬರುತ್ತಿದ್ದೆ. ಬಲಗಡೆ ಅಂಚಿಗೆ ಹೋಗಿ, ಮೂತಿ ಒಂಚೂರು ಮೇಲೆತ್ತಿ, ತಿರುವು ಕಾಣುವ ಮೊದಲೇ ಎಡಗಡೆ ಏರ್‌ಬ್ರೇಕ್, ಅಂದರೆ ಆ ಬದಿಯನ್ನು ಮಾತ್ರ ಹಿಡಿದು ಗಾಡಿ ತಿರುಗಿಸುವ ಬ್ರೇಕ್, ಒತ್ತಿ ಹಿಡಿದರೆ ಗಾಡಿ ತಾನಾಗಿಯೇ ಬಾಲ ಬೀಸಿಕೊಂಡು ಒಳಗೆ ಹೋಗುತ್ತದೆ. ಒತ್ತಿ ಹಿಡಿಯುವುದೂ ಲೆಕ್ಕ. ಜಾಸ್ತಿ ಹಿಡಿದರೆ ಎಡಗೋಡೆ, ಕಡಿಮೆ ಆದರೆ ಬಲಗೋಡೆ. ಅದು ಮೊದಲ ಸಲ ಸರಿಯಾಗಿ ಕೂತಾಗ ಏನೂ ಸದ್ದಿಲ್ಲ, ಗಾಡಿ ಸುಮ್ನೆ ಜಾರಿಹೋಯಿತು, ನಾನು ಅಯ್ಯೋ ಗೋಡೆ ಎಲ್ಲಿ ಹೋಯಿತು ಅಂತ ಗಾಬರಿಯಾಗಿ ಮುಂದಿನ ತಿರುವಿನಲ್ಲಿ ಹೋಗಿ ಹೊಡೆದೆ.

ಈಗ ಭಾವ ಕೇಳುವ ಪ್ರಶ್ನೆ. ಕಷ್ಟ ಇದ್ದ ಮಾತ್ರಕ್ಕೆ ಗೇಮ್ ಒಳ್ಳೆಯದಾ? ಖಂಡಿತ ಅಲ್ಲ. ಸೋತಾಗ ಯಾಕೆ ಸೋತೆ ಅಂತ ಕಾಣಬೇಕು, ನನಗೆ ಬೇಕಾದದ್ದು ಅಷ್ಟೇ. 1995ರಲ್ಲಿ ಬಂದ ಮೊದಲ ವೈಪ್‌ಔಟ್ ಇದೆಯಲ್ಲ, ಅದರಲ್ಲಿ ಗೋಡೆ ತಾಗಿದರೆ ಗಾಡಿ ಹೆಚ್ಚೂಕಡಿಮೆ ನಿಂತೇಬಿಡುತ್ತಿತ್ತು. ಒಂದೇ ಒಂದು ತಪ್ಪು, ಎಲ್ಲರೂ ನಿನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಮರುವರ್ಷ ಬಂದ ವೈಪ್‌ಔಟ್ 2097 ಅನ್ನುವ ಗೇಮಲ್ಲಿ ಅದನ್ನು ಸಡಿಲ ಮಾಡಿದರು. ಗೋಡೆ ಉಜ್ಜಿಕೊಂಡಾದರೂ ಮುಂದೆ ಹೋಗಬಹುದು, ವೇಗ ಕಳೆದುಕೊಳ್ಳುತ್ತೀಯ ಅಷ್ಟೇ. ಅದರ ಬದಲು ಗಾಡಿಗೆ ಶೀಲ್ಡ್ ಅಂತ ಕೊಟ್ಟರು. ಅದು ಖಾಲಿಯಾದರೆ ಗಾಡಿ ಸಿಡಿಯುತ್ತದೆ, ತುಂಬಿಸಿಕೊಳ್ಳಲು ಪಿಟ್ ಲೇನ್ ಅಂತ ಪಕ್ಕದ ದಾರಿ ಇದೆ. ನೋಡು, ಆಟ ಸುಲಭ ಆಗಲಿಲ್ಲ, ಆದರೆ ಶಿಕ್ಷೆ ಒಂದೇ ಏಟಿಗೆ ಬರುವ ಬದಲು ಕಂತಿನಲ್ಲಿ ಬರುತ್ತದೆ. ಕಂತಿನಲ್ಲಿ ಬಂದರೆ ಮನುಷ್ಯ ಕಲಿಯುತ್ತಾನೆ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು, ಎಫ್-ಝೀರೋ ಅನ್ನುವ ರೇಸ್ ಗೇಮುಗಳ ಸರಣಿ. 1990ರಲ್ಲಿ ಬಂದ ಮೊದಲನೆಯದರಲ್ಲಿ ಬರೀ ನಾಲ್ಕು ಗಾಡಿ, 15 ಟ್ರ್ಯಾಕ್. 1998ರ ಎಫ್-ಝೀರೋ ಎಕ್ಸ್‌ನಲ್ಲಿ ಒಂದೇ ರೇಸಲ್ಲಿ 30 ಗಾಡಿ, ಮತ್ತೆ ಒಂದು ಕಿಲಾಡಿ ನಿಯಮ. ಎರಡನೇ ಸುತ್ತಿನಿಂದ ಬೂಸ್ಟ್ ಸಿಗುತ್ತದೆ, ಆದರೆ ಅದು ಬರುವುದು ನಿನ್ನ ಗಾಡಿಯ ಜೀವದ ಪಟ್ಟಿಯಿಂದಲೇ. ಅಂದರೆ ವೇಗಕ್ಕೂ ಪ್ರಾಣಕ್ಕೂ ಒಂದೇ ಗಂಟು! ಬೂಸ್ಟ್ ಒತ್ತಿ ಒತ್ತಿ ಮುಂದೆ ಬಂದೆ ಅಂತ ಖುಷಿಯಲ್ಲಿರುತ್ತೀಯ, ಕೊನೇ ಸುತ್ತಿನಲ್ಲಿ ಯಾರೋ ಪಕ್ಕದಿಂದ ಸ್ವಲ್ಪ ತಾಗಿದರೂ ಮುಗಿಯಿತು. ಜೋಪಾನ ಮಾಡಿದರೆ ಹತ್ತನೇ ಸ್ಥಾನ. ಎಷ್ಟು ಖರ್ಚು ಮಾಡಬೇಕು, ಎಲ್ಲಿ ಮಾಡಬೇಕು ಅನ್ನುವುದು ಪ್ರತಿ ರೇಸಲ್ಲೂ ಬೇರೆ. ಅದೇ ಟ್ರ್ಯಾಕ್ ನೂರು ಸಲ ಆಡಿದರೂ ಹಳಸುವುದಿಲ್ಲ ಅಂದರೆ ಅದು ಇದಕ್ಕೇ. ಟ್ರ್ಯಾಕ್ ಎಷ್ಟಿವೆ ಅಂತ ಎಣಿಸಿ ಆಟ ಅಳೆಯುವವರಿಗೆ ಇದು ಅರ್ಥ ಆಗುವುದಿಲ್ಲ. ಭಾವ, ನಿಮಗೇ ಹೇಳಿದ್ದು.

ಸುಮ್ನೆ ನಾನೇ ದೊಡ್ಡ ಆಟಗಾರ್ತಿ ಅಂದುಕೊಳ್ಳಬೇಡಿ. 2003ರಲ್ಲಿ ಎಫ್-ಝೀರೋ ಜಿಎಕ್ಸ್ ಬಂತು, ಅದರಲ್ಲಿ ಸ್ಟೋರಿ ಮೋಡ್ ಅಂತ ಒಂಬತ್ತು ಅಧ್ಯಾಯ. ಕ್ಯಾಪ್ಟನ್ ಫಾಲ್ಕನ್ ಅನ್ನುವವನ ಕಥೆ. ಮೊದಲ ಅಧ್ಯಾಯದಲ್ಲಿ ಸಮಯ ಮುಗಿಯುವ ಮೊದಲು ದಾರಿಯಲ್ಲಿರುವ ಕ್ಯಾಪ್ಸೂಲ್‌ಗಳನ್ನು ಹೆಕ್ಕಬೇಕು, ಅದಾಯಿತು. ಎರಡನೆಯದು ಒಂದು ಕಣಿವೆಯಲ್ಲಿ ಸಮುರಾಯ್ ಗೊರೋ ಜೊತೆ ರೇಸು, ಮೇಲಿನಿಂದ ಬಂಡೆಗಳು ಉರುಳುತ್ತವೆ. ಅದೊಂದಕ್ಕೇ ನನ್ನ ಒಂದಿಡೀ ಸಂಜೆ ಹೋಯಿತು. ಅದೂ ನಾರ್ಮಲ್‌ನಲ್ಲಿ! ಅದರ ಮೇಲೆ ಹಾರ್ಡ್, ಅದರ ಮೇಲೆ ವೆರಿ ಹಾರ್ಡ್ ಇದೆ. ವೆರಿ ಹಾರ್ಡ್ ನಾನು ಮುಗಿಸಿಲ್ಲ, ಮುಗಿಸುವುದೂ ಇಲ್ಲ. ಯಾವುದಾದರೂ ಕಷ್ಟ ನಮಗಲ್ಲ ಅನ್ನಿಸಿದರೆ ಬಿಡಬಹುದು, ಅದರಲ್ಲಿ ಮಾನ ಹೋಗುವುದೇನೂ ಇಲ್ಲ.

ಕೆಟ್ಟ ಕಷ್ಟವೂ ಇದೆ, ಅದನ್ನು ಗುರುತು ಹಿಡಿ. ರಬ್ಬರ್ ಬ್ಯಾಂಡ್ ಅನ್ನುತ್ತೇವಲ್ಲ, ನೀನು ಎಷ್ಟು ಚೆನ್ನಾಗಿ ಓಡಿಸಿದರೂ ಹಿಂದಿನ ಗಾಡಿ ದಾರ ಕಟ್ಟಿದ ಹಾಗೆ ಬೆನ್ನಿಗೇ ಅಂಟಿಕೊಂಡಿರುತ್ತದೆ, ನೀನು ಬಿದ್ದರೆ ಅವರೂ ನಿಧಾನ ಆಗಿ ಕಾಯುತ್ತಾರೆ. ಅಲ್ಲಿ ನೀನು ಮೊದಲ ಎರಡು ಸುತ್ತು ಮಾಡಿದ್ದಕ್ಕೆ ಬೆಲೆಯೇ ಇಲ್ಲ, ಎಲ್ಲಾ ಕೊನೇ ತಿರುವಿನ ಮೇಲೆ. ಇನ್ನೊಂದು, ಇಂಜಿನ್ ಅಪ್‌ಗ್ರೇಡ್ ಮಾಡಿಕೊಳ್ಳದೆ ಗೆಲ್ಲಲು ಆಗದ ಹಾಗೆ ಇಟ್ಟು, ಅದಕ್ಕಾಗಿ ಅದೇ ರೇಸನ್ನು ಹತ್ತು ಸಲ ಆಡಿಸುವುದು. ಅದನ್ನು ಮತ್ತೆ ಮತ್ತೆ ಆಡುವ ಖುಷಿ ಅಂತ ಕರೆಯುತ್ತಾರೆ, ನಾನು ಅದನ್ನು ಕೂಲಿ ಅನ್ನುತ್ತೇನೆ. ನಿನ್ನ ಗೇಮಲ್ಲಿ ಹೀಗೆ ಇದೆಯಾ ನೋಡಿ ಹೇಳು. ಇದ್ದರೆ ನನ್ನ ಮಾತು ವಾಪಸ್, ಯಾರಿಗಾದರೂ ಕೊಟ್ಟುಬಿಡು.

ಇಲ್ಲದಿದ್ದರೆ ಹೀಗೆ ಮಾಡು. ಈಸಿಯಿಂದ ನೇರ ಹಾರ್ಡ್‌ಗೆ ಹಾರಬೇಡ, ನಡುವೆ ಒಂದು ಸ್ಪೀಡ್ ಕ್ಲಾಸ್, ಅಂದರೆ ವೇಗದ ಮಟ್ಟ, ಇರುತ್ತದೆ. ವೈಪ್‌ಔಟ್ ಎಚ್‌ಡಿಯಲ್ಲಿ ವೆನಮ್, ಫ್ಲ್ಯಾಶ್, ರೇಪಿಯರ್, ಫ್ಯಾಂಟಮ್ ಅಂತ ನಾಲ್ಕು ಮೆಟ್ಟಿಲು ಇದ್ದವು, ವೆನಮ್‌ನಲ್ಲಿ ಬ್ರೇಕೇ ಬೇಡದ ತಿರುವು ಫ್ಯಾಂಟಮ್‌ನಲ್ಲಿ ಬೇರೆ ಟ್ರ್ಯಾಕೇ ಅನ್ನಿಸುತ್ತದೆ. ಪೈಲಟ್ ಅಸಿಸ್ಟ್ ಆನ್ ಇದ್ದರೆ ಈಗಲೇ ತೆಗೆ. ಅದು ಗಾಡಿಯನ್ನು ಗೋಡೆಯಿಂದ ಮೆಲ್ಲಗೆ ದೂರ ತಳ್ಳುತ್ತದೆ, ಚೆನ್ನಾಗೇ ಇರುತ್ತದೆ, ಆದರೆ ಅದಿರುವವರೆಗೆ ನೀನು ಎಲ್ಲಿ ತಪ್ಪು ಮಾಡುತ್ತೀಯ ಅಂತ ಗೊತ್ತಾಗುವುದಿಲ್ಲ. ಬೀಳುವುದು ಗೊತ್ತಾಗದೆ ಸೈಕಲ್ ಕಲಿತ ಹಾಗೆ, ಅಲ್ವಾ?

ಆಮೇಲೆ ಒಂದೇ ಟ್ರ್ಯಾಕ್ ಆರಿಸಿಕೋ, ಬೇರೆ ಗಾಡಿಗಳಿಲ್ಲದ ಟೈಮ್ ಟ್ರಯಲ್. ಅಲ್ಲಿ ಘೋಸ್ಟ್ ಆನ್ ಮಾಡು. ಅಮ್ಮಾ, ನೀನು ಕೇಳುತ್ತಿದ್ದರೆ ಗಾಬರಿಯಾಗಬೇಡ, ದೆವ್ವ ಅಂದರೆ ಇಲ್ಲಿ ಅವನದೇ ಹಳೆಯ ಸುತ್ತು, ಗಾಜಿನ ಗಾಡಿಯ ಹಾಗೆ ಮುಂದೆ ಓಡುತ್ತಿರುತ್ತದೆ. ಪುಟ್ಟಾ, ಆ ಗಾಜಿನ ಗಾಡಿ ನಿನ್ನನ್ನು ಎಲ್ಲಿ ದಾಟುತ್ತದೆ ಅಂತ ಮಾತ್ರ ನೋಡು. ತಿರುವಿನಲ್ಲಿ ದಾಟುವುದಿಲ್ಲ, ತಿರುವು ಮುಗಿದ ಮೇಲಿನ ನೇರ ದಾರಿಯಲ್ಲಿ ದಾಟುತ್ತದೆ. ಯಾಕಂದರೆ ನೀನು ತಿರುವಿನಿಂದ ಹೊರಗೆ ಬರುವಾಗ ವೇಗ ಕಡಿಮೆ ಇತ್ತು. ಇಪ್ಪತ್ತು ನಿಮಿಷ ಇದನ್ನು ಮಾಡು, ಸಾಕು. ಅದಕ್ಕಿಂತ ಜಾಸ್ತಿ ಆದರೆ ಕೈ ಬಿಗಿಯಾಗಿ ಟೈಮ್ ಹಾಳಾಗುತ್ತಾ ಹೋಗುತ್ತದೆ. ಸಿಟ್ಟಲ್ಲಿ ಇನ್ನೊಂದೇ ಇನ್ನೊಂದು ಅಂತ ಆಡಿದ ಸುತ್ತುಗಳಲ್ಲಿ ನನ್ನ ರೆಕಾರ್ಡ್ ಒಂದು ಸಲವೂ ಮುರಿದಿಲ್ಲ. ಬೆಳಗ್ಗೆ ಎದ್ದು ಆಡಿದ ಮೊದಲ ಸುತ್ತಿಗೇ ಎಷ್ಟೋ ಸಲ ಮುರಿದಿದೆ.

ಬೇಜಾರಾದರೆ ಝೋನ್ ಮೋಡ್ ತರಹದ್ದು ಇದೆಯಾ ಹುಡುಕು. ವೈಪ್‌ಔಟಲ್ಲಿ ಅದು ಬರೀ ತಿರುಗಿಸುವ ಆಟ, ಆಕ್ಸಿಲರೇಟರ್ ನಿನ್ನ ಕೈಯಲ್ಲಿ ಇರುವುದಿಲ್ಲ, ಗಾಡಿ ತಾನೇ ವೇಗ ಏರಿಸಿಕೊಳ್ಳುತ್ತಾ ಹೋಗುತ್ತದೆ, ಟ್ರ್ಯಾಕಿನ ಬಣ್ಣ ಬದಲಾಗುತ್ತಾ ಇರುತ್ತದೆ, ಶೀಲ್ಡ್ ಮುಗಿಯುವವರೆಗೆ ತಾಳಿಕೊಂಡರೆ ಆಯಿತು. ಎದುರಾಳಿಯೇ ಇಲ್ಲ. ಸೋಲುವುದು ಖಂಡಿತ, ಎಷ್ಟು ತಡವಾಗಿ ಸೋಲುತ್ತೀಯ ಅನ್ನುವುದೇ ಪ್ರಶ್ನೆ. ನನಗೆ ರಾತ್ರಿ ತಲೆ ಕೆಟ್ಟಾಗ ಅದೇ ಬೇಕು. ಇನ್ನು ಅದೇ ಅದೇ ಟ್ರ್ಯಾಕ್ ಬೇಡ ಅನ್ನುವವರಿಗೆ, ಎಫ್-ಝೀರೋ ಎಕ್ಸ್‌ನಲ್ಲಿ ಎಕ್ಸ್ ಕಪ್ ಅಂತ ಇತ್ತು, ಪ್ರತಿ ಸಲ ಗೇಮೇ ಹೊಸ ಟ್ರ್ಯಾಕ್ ಹೆಣೆದು ಕೊಡುತ್ತಿತ್ತು. ಒಳ್ಳೆಯ ಐಡಿಯಾ, ಆದರೆ ನಿಜ ಹೇಳಲಾ, ನನಗೆ ಅಷ್ಟು ರುಚಿಸಲಿಲ್ಲ. ಪರಿಚಯ ಆಗುವಷ್ಟರಲ್ಲಿ ಟ್ರ್ಯಾಕೇ ಹೋಗಿರುತ್ತದೆ, ಹೆಬ್ಬೆರಳು ಕಲಿತದ್ದೆಲ್ಲ ದಂಡ.

ಭಾವ, ನಿಮ್ಮ ಎರಡು ದಿನದ ಲೆಕ್ಕಕ್ಕೆ ಇದೊಂದು ಕೇಳಿ. 2023ರಲ್ಲಿ ಎಫ್-ಝೀರೋ 99 ಅಂತ ಬಂತು. ಆ 1990ರ ಟ್ರ್ಯಾಕ್‌ಗಳನ್ನೇ ಇಟ್ಟುಕೊಂಡು, ಆನ್‌ಲೈನ್‌ನಲ್ಲಿ 99 ಜನರನ್ನು ಒಟ್ಟಿಗೆ ಓಡಿಸಿದರು. 33 ವರ್ಷದ ಹಿಂದಿನ ತಿರುವುಗಳು! ಜನ ಮುಗಿಬಿದ್ದು ಆಡಿದರು, ನಾನೂ ಆಡಿದೆ, ಮೊದಲ ರೇಸಲ್ಲಿ ಎಪ್ಪತ್ತರ ಆಸುಪಾಸಿನಲ್ಲಿ ಎಲ್ಲೋ ಸಿಡಿದುಹೋದೆ.

ಅಕ್ಕಾ, ಅವನ ಇಪ್ಪತ್ತು ನಿಮಿಷಕ್ಕೆ ನೀನೇ ಟೈಮರ್ ಇಡು, ಆದರೆ ಸುತ್ತಿನ ಮಧ್ಯದಲ್ಲಿ ಆಫ್ ಮಾಡಬೇಡ, ಸುತ್ತು ಮುಗಿಯಲಿ. ಪುಟ್ಟಾ, ನಾಳೆಯಿಂದ ಆ ಮೊದಲನೇ ಟ್ರ್ಯಾಕ್, ನಡುವಿನ ಸ್ಪೀಡ್, ಅಸಿಸ್ಟ್ ಆಫ್. ಭಾನುವಾರ ನಿನ್ನ ಬೆಸ್ಟ್ ಟೈಮಿನ ಫೋಟೋ ತೆಗೆದು ಇಲ್ಲೇ ಹಾಕು. ಆ ಗೇಮ್ ನನ್ನ ಹತ್ತಿರವೂ ಇದೆ, ನಿನ್ನೆ ರಾತ್ರಿ ಅದೇ ಟ್ರ್ಯಾಕ್ ಆಡಿದೆ. ನನ್ನ ಟೈಮ್ ಎಷ್ಟು ಅಂತ ಈಗ ಹೇಳುವುದಿಲ್ಲ.